ನಾನು ಹುಟ್ಟಿಸಿದ ಚಂದ್ರ

ಮಕ್ಕಳೇ, ನಿಮ್ಮ ಅಜ್ಜಿ ಉಡುಪಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ಜನರೆದುರು ಬಾಯಿ ತೆರೆಯಬೇಕಾದರೆ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡುವವಳು. ಅಂಥವಳು ಇಡೀ ಬಿಲ್ಡಿಂಗಿಗೆ ಚಂದ್ರದರ್ಶನ ಮಾಡಿಸಲು ಹೊರಟ ಕತೆಯನ್ನು, ಬೇರೆಯವರು ಮಸಾಲೆ ಅರೆದು ಹಾಕುವ ಮೊದಲೇ, ನಾನೇ ಬರೆದಿಡುತ್ತಿದ್ದೇನೆ.

ಮೇ ರಜೆಯಲ್ಲಿ ಮೊಮ್ಮಗಳು ಅನ್ವಿ ಸೀವುಡ್ಸಿನ ತನ್ನ ಮನೆಯ ಟೆರೇಸಿನಲ್ಲಿ ಎರಡು ಸಂಜೆ ನನಗೆ ಆಕಾಶದ ಫೋಟೋ ತೆಗೆಯುವ ಪಾಠ ಮಾಡಿದಳು. ನಾನು ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡೆ. ಕ್ಯಾಮೆರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲಿರಬೇಕು. ಗಾಳಿಗೆ ಅಲುಗದಂತೆ ಸ್ಟ್ಯಾಂಡಿಗೆ ಭಾರದ ಚೀಲ ತೂಗುಹಾಕಬೇಕು. ಗುಂಡಿ ಒತ್ತುವ ಕೈಯೂ ಅಲುಗಿಸುತ್ತದೆ, ಆದ್ದರಿಂದ ಟೈಮರ್ ಇಟ್ಟು ದೂರ ನಿಲ್ಲಬೇಕು. ನಕ್ಷತ್ರ ಮಂಕು, ಅದಕ್ಕೆ ಕ್ಯಾಮೆರಾದ ಕಣ್ಣು ಹದಿನೈದು ಸೆಕೆಂಡ್ ತೆರೆದಿರಬೇಕು. ಚಂದ್ರನಿಗೆ ರೆಪ್ಪೆ ಮಿಟುಕಿಸಿದಷ್ಟು ಹೊತ್ತು ಸಾಕು. ಎರಡು ಸಂಜೆಯೂ ನಾವು ತೆಗೆದದ್ದು ನಕ್ಷತ್ರಗಳನ್ನೇ. ಚಂದ್ರನ ವಿಷಯವನ್ನು ನಾನು ಬರೆದುಕೊಂಡೆ, ಅಷ್ಟೆ.

ಜೂನಿನಲ್ಲಿ ಹತ್ತನೇ ಕ್ಲಾಸು ಶುರುವಾದದ್ದೇ ಅನ್ವಿಯ ಅಮ್ಮ ಕ್ಯಾಮೆರಾವನ್ನು ಠಾಕುರ್ಲಿಯ ನನ್ನ ಮನೆಗೆ ಗಡೀಪಾರು ಮಾಡಿದಳು. ನಾನು ಅದನ್ನು ದೇವರ ಪಕ್ಕದ ಕಪಾಟಿನಲ್ಲಿಟ್ಟೆ. ಮನಸ್ಸಿನಲ್ಲಿ ಮಾತ್ರ, ಒಂದು ಅವಕಾಶ ಸಿಗಲಿ, ತೋರಿಸುತ್ತೇನೆ ಎಂದುಕೊಂಡಿದ್ದೆ.

ಮಳೆಗಾಲದ ನಡುವೆ ಅಂಗಾರಕ ಸಂಕಷ್ಟಿ ಬಂತು. ಮಂಗಳವಾರ ಬೀಳುವ ಈ ಸಂಕಷ್ಟಿಗೆ ಪುಣ್ಯ ಹೆಚ್ಚು. ದಿನವಿಡೀ ಉಪವಾಸ, ಚಂದ್ರನನ್ನು ನೋಡಿಯೇ ಊಟ. ಒಂಬತ್ತೂಕಾಲಿಗೆ ಚಂದ್ರೋದಯ ಎಂದು ಕ್ಯಾಲೆಂಡರ್ ಬರೆದಿತ್ತು. ಆಕಾಶಕ್ಕೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಬಿಲ್ಡಿಂಗಿನ ಹೆಂಗಸರೆಲ್ಲ ಟೆರೇಸ್ ಹತ್ತಿ, ಮೋಡ ನೋಡಿ, ತುಂತುರಿಗೆ ಹೆದರಿ ಕೆಳಗಿಳಿದರು.

ಆಗ ಎರಡನೇ ಮಹಡಿಯ ಮರಾಠಿ ಮನೆಯ ಮನೀಷಾ ನನ್ನ ಬಾಗಿಲಿಗೆ ಬಂದಳು. ಅವಳ ಅತ್ತೆ ಲೀಲಾ ಆಜಿಗೆ ಎಂಬತ್ತು ದಾಟಿದೆ. ಶುಗರ್ ಇದೆ. ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ, ನಮ್ಮ ಲಿಫ್ಟ್ ಮನಸ್ಸು ಬಂದಾಗ ಮಾತ್ರ ಹತ್ತುತ್ತದೆ.

“ಕಾಕೂ, ಆಯೀ ಬೆಳಗಿನಿಂದ ಬರೀ ಚಹಾದ ಮೇಲೆ ಇದ್ದಾರೆ. ಊಟ ಮಾಡದೆ ಮಾತ್ರೆ ಕೊಡುವ ಹಾಗಿಲ್ಲ. ಕೈ ನಡುಗ್ತಾ ಇದೆ. ನಿಮ್ಮ ಹತ್ತಿರ ದೊಡ್ಡ ಕ್ಯಾಮೆರಾ ಇದೆಯಲ್ಲ, ಮೋಡದ ಸಂದಿಯಲ್ಲಿ ಚಂದ್ರ ಸಿಕ್ಕಿದರೆ ಒಂದು ಫೋಟೋ ತೆಗೀತೀರಾ?”

“ಫೋಟೋ ನೋಡಿ ಉಪವಾಸ ಬಿಡ್ತಾರಾ?”

“ಕೇಳಿದೆ. ‘ಫೋಟೋ ಚಾಲೇಲ್, ಪಣ್ ಆಜ್‌ಚಾ ಪಾಹಿಜೇ’ ಅಂದ್ರು.”

ಫೋಟೋ ನಡೆಯುತ್ತದೆ, ಆದರೆ ಇವತ್ತಿನದೇ ಬೇಕು. ಧರ್ಮಶಾಸ್ತ್ರ ಇತ್ಯರ್ಥವಾಯಿತು.

ಈ ಸುದ್ದಿ ಕೇಳಿದ ಹುಬ್ಬಳ್ಳಿಯ ಶಾಂತಕ್ಕ ಮೆಟ್ಟಿಲ ಮೇಲೆಯೇ ನನ್ನನ್ನು ತಡೆದಳು. “ಅಕ್ಕಾರ, ನಮ್ಮ ಗ್ರೂಪಿಗೂ ಹಾಕ್ರಿ. ನಾವೆಲ್ಲಾ ತಾಟ್ ಬಡಿಸ್ಕೊಂಡು ಮೊಬೈಲ್ ಹಿಡ್ಕೊಂಡು ಕುಂತಿರ್ತೀವಿ.”

ಹೀಗೆ ಒಂದು ವೃದ್ಧ ಜೀವದ ಮಾತ್ರೆ, ಹನ್ನೆರಡು ಮನೆಯ ತಾಟು, ನನ್ನ ಸ್ವಂತ ಹೊಟ್ಟೆ, ಮೂರನ್ನೂ ಹೊತ್ತುಕೊಂಡು ನಾನು ಟೆರೇಸ್ ಹತ್ತಿದೆ.

ಸ್ಟ್ಯಾಂಡ್ ನಿಲ್ಲಿಸಿ, ಭಾರಕ್ಕೆ ಐದು ಕಿಲೋ ಕುಚ್ಚಲಕ್ಕಿಯ ಚೀಲ ತೂಗುಹಾಕಿದೆ. ಮೊದಲ ಫೋಟೋ ಕಪ್ಪಗೆ ಬಂತು. ಅಮಾವಾಸ್ಯೆಯಷ್ಟು ಕಪ್ಪು. ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ. ಅಷ್ಟರಲ್ಲಿ ತುಂತುರು ಜೋರಾಯಿತು. ಕ್ಯಾಮೆರಾಕ್ಕೆ ಕೊಡೆ ಹಿಡಿದೆ. ಎರಡನೇ ಫೋಟೋದಲ್ಲಿ ಕೊಡೆಯ ಕಡ್ಡಿಗಳು ಅದ್ಭುತವಾಗಿ ಬಂದವು. ನನ್ನ ಕನ್ನಡಕ ಮಾತ್ರ ಮಳೆಯಲ್ಲೇ ಇತ್ತು, ಅದನ್ನು ತೆಗೆದು ರವಿಕೆಗೆ ಸಿಕ್ಕಿಸಿಕೊಂಡೆ. ಆಗ ಮೂಡಣ ದಿಕ್ಕಿನಲ್ಲಿ, ಮಂಜಿನೊಳಗೆ, ಬೆಳ್ಳಗೆ ಏನೋ ಕಂಡಿತು. ಗಣಪತಿ ಬಪ್ಪಾ!

ನಿಮ್ಮ ಅಜ್ಜ ನೌಪಾಡಾದ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹೊಯ್ದವರು. “ಕಾವಲಿ ಕಾಯುವ ಮೊದಲು ಹಿಟ್ಟು ಹೊಯ್ಯಬೇಡ ಮಾರಾಯ್ತಿ” ಎನ್ನುತ್ತಿದ್ದರು. ನೆನಪಾಯಿತು. ಆದರೆ ಹಸಿದವಳಿಗೆ ಕಾವಲಿ ಕಾಯುವವರೆಗೆ ಕಾಯುವ ಸಹನೆ ಎಲ್ಲಿಂದ ಬರಬೇಕು? ಟೈಮರ್ ಇಟ್ಟೆ, ಸರಿದು ನಿಂತೆ. ಕ್ಯಾಮೆರಾ ಹದಿನೈದು ಸೆಕೆಂಡ್ ಗಂಭೀರವಾಗಿ ಯೋಚಿಸಿ ಒಂದು ಚಿತ್ರ ಕೊಟ್ಟಿತು. ನೀರುದೋಸೆಯ ಹಾಗೆ ಬೆಳ್ಳಗೆ, ದುಂಡಗೆ, ಸುತ್ತ ಮಂಜಿನ ಬಳೆ. ಅಷ್ಟು ಸುಂದರ ಚಂದ್ರನನ್ನು ನಾನು ಊರಿನಲ್ಲೂ ನೋಡಿರಲಿಲ್ಲ.

ಕ್ಯಾಮೆರಾದ ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಗ್ರೂಪಿಗೆ ಕಳಿಸಿದೆ. ಆ ಗ್ರೂಪಿನಲ್ಲಿ ಅದೇ ನನ್ನ ಮೊದಲ ಮೆಸೇಜು. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಕುಕ್ಕರ್ ಮುಚ್ಚಳ ತೆಗೆಯುವ ಸದ್ದು ಟೆರೇಸಿನವರೆಗೂ ಕೇಳಿಸಿತು. ಆಜಿ ಉಂಡರು, ಮಾತ್ರೆ ನುಂಗಿದರು ಎಂದು ಮನೀಷಾ ತಿಳಿಸಿದಳು. ನಾನೂ ಕೆಳಗಿಳಿದು ಹೊಟ್ಟೆತುಂಬ ಉಂಡೆ. ಸಂಕೋಚದ ಸ್ವಭಾವ ಬಿಟ್ಟು ಒಂದು ಭಾಷಣ ಮಾಡಿದರೂ ಮಾಡಬಹುದು ಎನಿಸುತ್ತಿತ್ತು.

ಹತ್ತೂವರೆಗೆ ಟೆರೇಸಿನಿಂದ ಶಾಂತಕ್ಕನ ದನಿ ಬಂತು.

“ಅಕ್ಕಾರ, ಮಲಗೀರೇನ್ರೀ? ಇಲ್ಲೆ ಇನ್ನೊಂದ್ ಚಂದ್ರ ಬಂದಾನ ನೋಡ್ರಿ.”

ಕನ್ನಡಕ ಹಾಕಿಕೊಂಡು ಟೆರೇಸಿಗೆ ಓಡಿದೆ. ಮೋಡ ಸರಿದಿತ್ತು. ನೀರಿನ ಟಾಂಕಿಯ ಮೇಲೆ ಒಬ್ಬ ಚಂದ್ರ, ಒಂದು ಬದಿ ಸವೆದವನು, ನನ್ನನ್ನೇ ನೋಡುತ್ತಿದ್ದ. ನನ್ನ ಚಂದ್ರ ಒಂದಿಂಚೂ ಕದಲದೆ ತನ್ನ ಜಾಗದಲ್ಲೇ ಇದ್ದ. ಹೊಸದಾಗಿ ಕಟ್ಟುತ್ತಿರುವ ಟವರಿನ ಕ್ರೇನಿನ ತುದಿಯಲ್ಲಿ. ನನ್ನ ಮನೆ ರೈಲ್ವೆ ಹಳಿಯ ಕಡೆಗಿದೆ, ಆ ಕ್ರೇನಿನ ದೀಪವನ್ನು ನಾನು ರಾತ್ರಿ ಹೊತ್ತು ನೋಡಿಯೇ ಇರಲಿಲ್ಲ.

ಗಾಬರಿಯಿಂದ ಅನ್ವಿಗೆ ಫೋನ್ ಮಾಡಿದೆ.

“ಎಷ್ಟು ಸೆಕೆಂಡ್ ಇಟ್ಟಿದ್ದೆ ಅಜ್ಜಿ?”

“ನೀನು ಹೇಳಿದಷ್ಟೇ. ಹದಿನೈದು.”

“ಅಜ್ಜಿ, ಪಂದ್ರಾ ಸೆಕೆಂಡ್ ಮೇ ತೋ ಟಾರ್ಚ್ ಭೀ ಚಾಂದ್ ಬನ್ ಜಾತಾ ಹೈ.” ಹದಿನೈದು ಸೆಕೆಂಡಿನಲ್ಲಿ ಟಾರ್ಚೂ ಚಂದ್ರನಾಗಿಬಿಡುತ್ತದಂತೆ. ಆಮೇಲೆ ಐದು ನಿಮಿಷ ನಕ್ಕಳು. ಫೋನಿನ ದುಡ್ಡು ನನ್ನದು.

ಚೌತಿಯ ಚಂದ್ರನನ್ನು ನೋಡಿದರೆ ಸುಳ್ಳು ಅಪವಾದ ಬರುತ್ತದೆ ಎನ್ನುತ್ತಾರೆ. ನನಗೆ ಚಂದ್ರನನ್ನು ನೋಡದೆಯೇ ನಿಜವಾದ ಅಪವಾದ ಬಂತು. ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ನಿಂತು, ಹೊಟ್ಟೆ ಹಿಡಿದು ನಗುವ ಚಿತ್ರಗಳು ಶುರುವಾದವು. ಅದನ್ನೆಲ್ಲ ಸಹಿಸಬಹುದಿತ್ತು. ಆದರೆ ಲೀಲಾ ಆಜಿ ಮದುವೆಯಾದಂದಿನಿಂದ ಒಂದು ಸಂಕಷ್ಟಿಯನ್ನೂ ತಪ್ಪಿಸಿದವರಲ್ಲ. ಆ ವ್ರತವನ್ನು ನಾನು ಒಂದು ಕ್ರೇನಿಗೆ ಅರ್ಪಿಸಿಬಿಟ್ಟಿದ್ದೆ. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಿಗ್ಗೆ ಒಂದು ತೆಂಗಿನಕಾಯಿ ಹಿಡಿದು, ಸೆರಗನ್ನು ಹಗ್ಗ ಮಾಡಿಕೊಂಡು, ಅವರೆದುರು ನಿಂತೆ. ಮಳೆಯಲ್ಲಿ ತೊಯ್ದ ಅಕ್ಕಿಯ ಹಾಗೆ ಮುದ್ದೆಯಾಗಿದ್ದೆ.

“ಆಜಿ, ತಪ್ಪಾಯಿತು. ನಿನ್ನೆ ನಾನು ತೋರಿಸಿದ್ದು ಚಂದ್ರ ಅಲ್ಲ.”

“ಗೊತ್ತು” ಎಂದರು ಆಜಿ, ಚಹಾ ಹೀರುತ್ತಾ. “ಆ ಕ್ರೇನಿನ ದೀಪ ಮೂರು ತಿಂಗಳಿಂದ ನನ್ನ ಅಡುಗೆಮನೆ ಕಿಟಕಿಯಲ್ಲೇ ಉರೀತಾ ಇದೆ.”

“ಗೊತ್ತಿದ್ದೂ ಉಂಡಿರಾ?”

“ಹಸಿವಾಗಿತ್ತು. ನಾನೇ ಅದನ್ನ ಚಂದ್ರ ಅಂತ ಹೇಳಿ ಉಂಡಿದ್ದರೆ ಪಾಪ ನನಗೆ. ನೀನು ತೋರಿಸಿದೆ, ಪಾಪ ನಿನಗೆ.”

ತೆಂಗಿನಕಾಯಿಯನ್ನೂ ಇಟ್ಟುಕೊಂಡರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕರೆದರು.

“ಮುಂದಿನ ಸಂಕಷ್ಟಿಗೆ ಇಷ್ಟು ತಡ ಮಾಡಬೇಡ. ಏಳೂವರೆಗೇ ತೆಗೆದುಬಿಡು. ಆ ದೀಪ ಏಳಕ್ಕೇ ಹತ್ತಿಸ್ತಾರೆ.”

ಆಕಾಶದ ಫೋಟೋ ತೆಗೆಯುವ ನಿಮ್ಮ ಅಜ್ಜಿಗೆ ಇದುವರೆಗೆ ಸಿಕ್ಕ ಆರ್ಡರ್ ಅದೊಂದೇ.