ಶನಿವಾರದ ಶಾಲೆಯ ಕರಡಿ

ಡೆನ್ಮಾರ್ಕಿನ ಒಡೆನ್ಸೆ ಊರಿನಲ್ಲಿ ದೊರಿನೆಲ್‌ನನ್ನು ಬಲ್ಲವರೆಲ್ಲ ಅವನ ಬಗ್ಗೆ ಹೇಳುತ್ತಿದ್ದುದು ಒಂದೇ ಮಾತು: "ಪಾಪ, ತುಂಬಾ ಮೌನಿ." ಅಲ್ಲಿಯವಳೇ ಆದ ಹೆಂಡತಿ ಕಿರ್ಸ್ಟೆನ್ ಅಂತೂ ಗೆಳತಿಯರ ಮುಂದೆ, "ನನ್ನ ಗಂಡ ಬಾಯೇ ಬಿಡಲ್ಲ, ಅಷ್ಟು ಒಳ್ಳೆಯವನು" ಎಂದು ಹೆಮ್ಮೆಪಡುತ್ತಿದ್ದಳು. ರೊಮೇನಿಯಾದಲ್ಲಿ, ಕ್ರಯೋವಾ ಕಡೆಯ ಅವನ ಹಳ್ಳಿಯವರು ಇದನ್ನು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಅಲ್ಲಿ ಅವನ ಅಡ್ಡಹೆಸರು 'ರೇಡಿಯೊ'.

ಆ ರೇಡಿಯೊ ಡೆನ್ಮಾರ್ಕಿಗೆ ಬಂದ ಹನ್ನೆರಡು ವರ್ಷಗಳಲ್ಲಿ ಗೋಡೆ ಗಡಿಯಾರವಾಗಿತ್ತು, ಗಂಟೆಗೊಂದು ಸದ್ದು. ಡ್ಯಾನಿಶ್ ಬಾರದೆ ಇರಲಿಲ್ಲ. ಬಚ್ಚಲುಮನೆಗೆ ಟೈಲ್ಸ್ ಹಾಕುವವನಿಗೆ ಬೇಕಾದಷ್ಟು ಬರುತ್ತಿತ್ತು. ಆದರೆ ಅದರಲ್ಲಿ ಒಂದು ತಮಾಷೆ ಮಾಡಲು ಹೊರಟರೆ, ಪದಗಳನ್ನು ಹುಡುಕಿ ತಂದು ಸಾಲಾಗಿ ಕೂರಿಸುವಷ್ಟರಲ್ಲಿ ಎದುರಿಗಿದ್ದವರು ಕಾಫಿ ಮುಗಿಸಿ ಎದ್ದಿರುತ್ತಿದ್ದರು. ಉಳಿದದ್ದು ಭಾನುವಾರ ತಾಯಿಯೊಡನೆ ಒಂದು ಗಂಟೆಯ ಫೋನು. ವಾರವಿಡೀ ಕಟ್ಟಿಟ್ಟ ಮಾತನ್ನೆಲ್ಲ ಆ ಒಂದು ಗಂಟೆಯಲ್ಲಿ ಸುರಿದು, ಸೋಮವಾರದಿಂದ ಮತ್ತೆ ಮೌನವ್ರತ.

ಮಗಳು ಇಲಿಂಕಾಳಿಗೆ ಆರು ವರ್ಷ. (ಹೆಸರಿನಲ್ಲಿ ಇಲಿ ಇದ್ದರೂ ಮನೆಯಲ್ಲಿ ಹುಲಿ.) ಅವಳ ಬಾಯಲ್ಲಿ ಬರೀ ಡ್ಯಾನಿಶ್. ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ಶನಿವಾರ ಬೆಳಿಗ್ಗೆ ಪುಟ್ಟ ಮಕ್ಕಳಿಗೆ ರೊಮೇನಿಯನ್ ಭಾಷೆ, ಹಾಡು, ಹಬ್ಬ ಎಲ್ಲ ಕಲಿಸುತ್ತಾರೆಂಬ ಸುದ್ದಿ ಕಿವಿಗೆ ಬಿದ್ದಾಗ ದೊರಿನೆಲ್‌ನ ತಲೆಯಲ್ಲಿ ದಿವ್ಯಜ್ಞಾನ ಉದಯಿಸಿತು. ಮನೆಯಲ್ಲಿ ಮಾತಾಡಲು ಜನ ಇಲ್ಲವೇ? ಸರಿ, ತಯಾರು ಮಾಡಿದರಾಯಿತು!

"ಶನಿವಾರ ಈಜು ಕ್ಲಾಸಿದೆ" ಎಂದಳು ಕಿರ್ಸ್ಟೆನ್.

"ಮೀನು ಈಜುತ್ತೆ. ಮನುಷ್ಯರು ಮಾತಾಡಬೇಕು."

"ನೀನು ಹೇಳ್ತೀಯಾ ಇದನ್ನ? ಒಂದು ಭಾಷೆಯಲ್ಲೇ ಮಾತಾಡದವನು ಮಗಳಿಗೆ ಎರಡೆರಡು ಕಲಿಸ್ತಾನಂತೆ! ಬೇಕಾದ್ರೆ ನೀನೇ ಎದ್ದು, ನೀನೇ ಕರಕೊಂಡು ಹೋಗು. ನನ್ನ ಎಬ್ಬಿಸಬೇಡ."

ಮೊದಲ ಶನಿವಾರ ಅವನು ಮದುವೆಯ ಕೋಟು ಹಾಕಿಕೊಂಡು ಹೋದ. ಅಲ್ಲಿ ಹತ್ತು ಮಕ್ಕಳೆಂದರೆ ಹತ್ತಿಪ್ಪತ್ತು ತಂದೆತಾಯಿಯರು; ಎಲ್ಲರೂ ನಮ್ಮವರೇ; ಎರಡು ಗಂಟೆ ಮಾತಿನ ಜಾತ್ರೆ! ಹೀಗಿತ್ತು ಅವನ ಲೆಕ್ಕಾಚಾರ. ಆದರೆ ತಂದೆತಾಯಿಯರು ಮಕ್ಕಳನ್ನು ಬಾಗಿಲಲ್ಲಿ ಇಳಿಸಿ, ಸಿಕ್ಕಿದ್ದೇ ಅವಕಾಶವೆಂದು ಅಂಗಡಿ ಸಾಮಾನಿಗೆ ಓಡಿಬಿಟ್ಟರು. ಕಾರಿಡಾರಿನಲ್ಲಿ ಉಳಿದವನು ಯಾರೋ ಒಬ್ಬ ತಾಯಿಯ ಡ್ಯಾನಿಶ್ ಗಂಡ, ಅವನ ಕೈಯಲ್ಲಿ ಪೇಪರು. ದೊರಿನೆಲ್ ಬಾಗಿಲಿಗೆ ಕಿವಿಯಿಟ್ಟು ನಿಂತ. ಒಳಗೆ ಮಕ್ಕಳು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದವು. ಹತ್ತರವರೆಗೂ ಕೇಳಿಸಿಕೊಂಡ.

ಬಾಗಿಲು ತೆರೆಯಿತು. ಟೀಚರ್ ಸ್ತೆಲಿಯಾನಾ, ಬುಕಾರೆಸ್ಟಿನವರು, ಕನ್ನಡಕದ ಮೇಲಿಂದ ನೋಡಿದರು. "ಏನು ಬೇಕಿತ್ತು?"

"ಏನಿಲ್ರೀ ಮೇಡಂ, ಸುಮ್ನ ನಿಂತೇನ್ರೀ! ನಮ್ ಕೂಸು ಒಳಗೈತ್ರೀ, ಹೆಂಗ್ ಕಲೀತೈತೋ ಅಂತ..." ಎಂದು ಅವನು ತನ್ನ ಹಳ್ಳಿಯ ರೊಮೇನಿಯನ್‌ನಲ್ಲಿ ಹನ್ನೆರಡು ವರ್ಷದ ಅಣೆಕಟ್ಟು ಒಡೆದ.

"ಮನೇಲೂ ಹೀಗೇ ಮಾತಾಡ್ತೀರಾ?"

"ಹೌದ್ರೀ!"

"ಹಾಗಾದರೆ ಮಗು ಮುಂದೆ ಸ್ವಲ್ಪ ಕಡಿಮೆ ಮಾತಾಡಿ" ಎಂದು ಅವರು ಬಾಗಿಲು ಹಾಕಿಕೊಂಡರು.

ಮೂರನೇ ವಾರಕ್ಕೆ ಇಲಿಂಕಾ ಅವನನ್ನು 'ತಾತ' ಎಂದು ಕರೆದಳು. (ಆ ಭಾಷೆಯಲ್ಲಿ ಹಾಗೆಂದರೆ ಅಪ್ಪ. ಓದುಗರು ಅವನಿಗೆ ವಯಸ್ಸು ಕಟ್ಟಬಾರದು.) ದೊರಿನೆಲ್ ಮಗಳನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಕುಣಿದ. ಆದರೆ ಹತ್ತನೇ ವಾರಕ್ಕೆ ಅವಳು ಅವನನ್ನು ತಿದ್ದತೊಡಗಿದಳು. "'ಹೋಗೂಣು' ಅನ್ನಬಾರದು ತಾತ, 'ಹೋಗೋಣ' ಅನ್ನಬೇಕು." ಬಾಯಿ ತೆರೆದರೆ ಸಾಕು, ಪುಟ್ಟ ಬೆರಳು ಮೇಲೇಳುತ್ತಿತ್ತು. ಡ್ಯಾನಿಶ್‌ನಲ್ಲಿ ತಪ್ಪಾದರೆ ಹೆಂಡತಿ ತಿದ್ದುತ್ತಾಳೆ, ರೊಮೇನಿಯನ್‌ನಲ್ಲಿ ತಪ್ಪಾದರೆ ಮಗಳು. ಬಡಪಾಯಿ ಟೈಲ್ಸುಗಳ ಜತೆ ಮಾತಾಡಲು ಶುರುಮಾಡಿದ. ಅವು ತಿದ್ದುತ್ತಿರಲಿಲ್ಲ.

ನಿಜವಾದ ಸಿಡಿಲು ಬಡಿದದ್ದು ಭಾನುವಾರ.

"ಯವ್ವಾ, ಕೇಳಿಲ್ಲಿ, ಈ ವಾರ ಏನಾತಂದ್ರ..." ಎಂದು ಅವನು ಫೋನಿನಲ್ಲಿ ಶುರುಮಾಡಿದ.

"ನಿಂದು ಆಮ್ಯಾಲೆ ಹೇಳೀಯಂತ. ಫೋನು ಕೂಸಿನ ಕೈಯಾಗ ಕೊಡು."

"ಎರಡು ಮಾತು, ಯವ್ವಾ..."

"ಅಲ್ಲಲೇ, ನಲವತ್ತು ವರ್ಷದಿಂದ ನಿನ್ನ ಮಾತು ಕೇಳಾಕತ್ತೇನಿ. ಮೊಮ್ಮಗಳ ಮಾತು ಈಗ ಕೇಳಾಕತ್ತೇನಿ. ಕೊಡು ಅಂದೆ!"

ಅಂದಿನಿಂದ ಆ ಗಂಟೆಯೂ ಕೈತಪ್ಪಿತು. ಸೋಫಾದ ಮೇಲೆ ಇಲಿಂಕಾ ಸ್ಪೀಕರ್ ಹಾಕಿಕೊಂಡು ಅಜ್ಜಿಯ ಜತೆ ಕೋಳಿ, ನಾಯಿ, ಹಲ್ಲು ಬಿದ್ದದ್ದು ಎಲ್ಲ ಹರಟುತ್ತಿದ್ದಳು. ಪಕ್ಕದಲ್ಲಿ ಕಿರ್ಸ್ಟೆನ್ ಸ್ವೆಟರ್ ಹೆಣೆಯುತ್ತಿದ್ದಳು. ದೊರಿನೆಲ್ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ, ಅಲ್ಲಿಂದ ತೇಲಿಬರುವ ತಾಯಿಯ ನಗುವನ್ನು ಕೇಳಿಸಿಕೊಳ್ಳುತ್ತಿದ್ದ. ಬೇಕೆಂದು ತಂದ ಭಾಗ್ಯ, ಯಾರನ್ನು ಬೈಯುವುದು?

ಡಿಸೆಂಬರಿನಲ್ಲಿ ಟೀಚರ್ ಅವನನ್ನು ತಾವಾಗಿ ಕರೆದರು. ರೊಮೇನಿಯಾದ ಹಳ್ಳಿಗಳ ಹೊಸ ವರ್ಷದ ಕರಡಿ ಕುಣಿತವನ್ನು ಮಕ್ಕಳು ಆಡಿ ತೋರಿಸಲಿದ್ದರು. ಕರಡಿಗೊಬ್ಬ ದೊಡ್ಡ ಮನುಷ್ಯ ಬೇಕಿತ್ತು. ಉಳಿದ ಅಪ್ಪಂದಿರೆಲ್ಲ ಕೆಲಸದ ನೆಪ ಹೇಳಿದ್ದರು.

"ನಾ ಆಗ್ತೇನ್ರೀ!" ದೊರಿನೆಲ್ ಕೂಗಿಯೇಬಿಟ್ಟ. ಕೊನೆಗೂ ಬಾಗಿಲಿನ ಒಳಗೆ! "ಮಾತು ಎಷ್ಟದಾವ್ರೀ ಕರಡೀಗೆ? ಉದ್ದ ಇದ್ರೂ ನಡೀತೈತಿ, ಬಾಯಿಪಾಠ ಮಾಡತೇನಿ."

"ಕರಡಿಗೆ ಮಾತಿಲ್ಲ" ಎಂದರು ಟೀಚರ್. "ಗುರ್ ಅಂದರೆ ಸಾಕು."

ಕುಣಿತದ ಶನಿವಾರ ನೆಲಮಾಳಿಗೆ ತುಂಬಿತ್ತು. ಅಂಗಡಿಗೆ ಓಡುತ್ತಿದ್ದ ತಂದೆತಾಯಿಯರೆಲ್ಲ ಇದ್ದರು, ಕಿರ್ಸ್ಟೆನ್ ಬಂದಿದ್ದಳು, ಅಜ್ಜಿಗೂ ಕಾಣಲೆಂದು ಫೋನನ್ನು ಕುರ್ಚಿಯ ಮೇಲೆ ಆನಿಸಿ ನಿಲ್ಲಿಸಿದ್ದರು. ಹಳೆಯ ತುಪ್ಪಳದ ಕೋಟು, ರಟ್ಟಿನ ಮುಖವಾಡ ತೊಟ್ಟ ಕರಡಿ ಡೋಲಿಗೆ ಸರಿಯಾಗಿ ಕುಣಿಯಿತು, ಗುರುಗುಟ್ಟಿತು. ಕರಡಿಯಾಡಿಸುವವಳಾಗಿದ್ದ ಇಲಿಂಕಾ ಕೋಲು ಬೀಸಿ, ಅಚ್ಚ ಬುಕಾರೆಸ್ಟಿನ ಉಚ್ಚಾರದಲ್ಲಿ "ಸಾಯಿ!" ಎಂದಳು. ಕರಡಿ ಧೊಪ್ಪನೆ ಬಿದ್ದು ಸತ್ತಿತು. ಇನ್ನು ಅವಳು ಮೂರು ಸಲ ಕೋಲು ಕುಟ್ಟಿ "ಏಳು" ಎನ್ನಬೇಕು, ಕರಡಿ ಎದ್ದು ಹೊಸ ವರ್ಷ ತರಬೇಕು.

ಅಷ್ಟರಲ್ಲಿ ಫೋನಿನೊಳಗಿಂದ ಅಜ್ಜಿ, "ನನ್ನ ಬಂಗಾರದಂಥ ಕೂಸ!" ಎಂದು ಕೂಗಿಕೊಂಡಳು. ಇಲಿಂಕಾ ಕೋಲು ಬಿಸಾಕಿ ಫೋನಿಗೆ ಓಡಿದಳು. ಜನ ಆಟ ಮುಗಿಯಿತೆಂದು ಚಪ್ಪಾಳೆ ತಟ್ಟಿ, ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾಲೆಯ ಪಾತ್ರೆಯತ್ತ ನುಗ್ಗಿದರು.

ಕರಡಿ ಏಳಲಿಲ್ಲ. ಅಪ್ಪಣೆಯಿಲ್ಲದೆ ಎದ್ದು ಕಲೆಗೆ ದ್ರೋಹ ಬಗೆಯುವ ಪೈಕಿ ಅಲ್ಲ ಅದು. ಮುಖವಾಡದೊಳಗಿನ ಕತ್ತಲಲ್ಲಿ ಮಲಗಿ ಸುತ್ತಲಿನ ಮಾತು ಕೇಳುತ್ತಿತ್ತು. ಉಪ್ಪು ಕಡಿಮೆಯಾಯಿತೇ, ಯಾರ ತಂಗಿಗೆ ಹೆರಿಗೆಯಾಯಿತು, ಯಾರ ಕಾರು ಕೆಟ್ಟಿತು. ತಲೆಯ ಮೇಲಿಂದಲೇ ದಾಟಿಹೋಗುತ್ತಿದ್ದ ಆ ಮಾತು ಒಂದೊಂದೂ ಅದಕ್ಕೆ ಅರ್ಥವಾಗುತ್ತಿತ್ತು. ಒಂದೂ ಅದಕ್ಕೆ ಹೇಳಿದ್ದಲ್ಲ. ಕರಡಿಯ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳೋಣವೆಂದರೆ ಪಂಜ ದಪ್ಪ.

ಆಗ ಯಾರೋ ಪಕ್ಕದಲ್ಲಿ ಮಂಡಿಯೂರಿ ಕೂತರು. ಕಿವಿಯ ಬಳಿ, ಪದಪದವನ್ನೂ ತಡವರಿಸುತ್ತ ಒಂದು ಹೆಣ್ಣುದನಿ ರೊಮೇನಿಯನ್‌ನಲ್ಲಿ ಹೇಳಿತು: "ಏಳೋ... ನನ್ನಪ್ಪಾ. ಉಣ್ಣಾಕ... ಬಾ."

ಅದು ಟೀಚರರ ಭಾಷೆಯಲ್ಲ. ಅವನ ತಾಯಿಯ ಮಾತು, ಹಳ್ಳಿಯ ಮಾತು. ನಾಲಗೆ ಮಾತ್ರ ಕಿರ್ಸ್ಟೆನ್‌ಳದು.

ಹನ್ನೆರಡು ವರ್ಷ ಕಾದ ಗಳಿಗೆ! ಉತ್ತರ ಕೊಡಲು ದೊರಿನೆಲ್ ಬಾಯಿ ತೆರೆದ. ಹೊರಬಿದ್ದದ್ದು ಅಪ್ಪಟ ಡ್ಯಾನಿಶ್: "ಹ್ಞಾಂ, ಸರಿ, ಬಂದೆ."

"ಅಯ್ಯೋ ನಿನ್ನ!" ಕಿರ್ಸ್ಟೆನ್ ಕೂಡ ಡ್ಯಾನಿಶ್‌ಗೆ ಇಳಿದಳು. "ಭಾನುವಾರ ನಿನ್ನಮ್ಮ ಮಾತಾಡೋದನ್ನ ಕೇಳಿ ಕೇಳಿ, ಆರು ವಾರ ಬಾತ್‌ರೂಮಲ್ಲಿ ಅಭ್ಯಾಸ ಮಾಡಿದೀನಿ. ನನಗೆ ಬರೋದು ಅದೊಂದೇ ವಾಕ್ಯ. ಅದನ್ನೂ ಹಾಳುಮಾಡಿದೆ!"

ಎದ್ದು ಕೂತಿದ್ದ ಕರಡಿ ಅವಳ ಮುಖವನ್ನೇ ನೋಡಿತು. ಮತ್ತೆ ನೆಲದ ಮೇಲೆ ಅಡ್ಡಬಿದ್ದು, ನಾಲ್ಕೂ ಪಂಜ ಚಾಚಿ, ಸತ್ತಿತು.