ಸೈತಾನನಿಗೊಂದು ಮಂಗಳ

ಕಾವ್ಯದಲ್ಲಿ ಒಳ್ಳೆಯವನಾಗಿ ಹುಟ್ಟುವುದು ದೊಡ್ಡ ದುರದೃಷ್ಟ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ನಮ್ಮ ಕಡೆಯ ಬಯಲಾಟವನ್ನೇ ನೋಡಿ. ದೇವರ ವೇಷದವನು ಬಂದು ಕೈಯೆತ್ತಿ ನಿಂತರೆ ನಿಂತ. ಅವನಿಗೆ ಮಾತು ಕಡಿಮೆ, ಕುಣಿತ ಇನ್ನೂ ಕಡಿಮೆ. ಜನ ಭಕ್ತಿಯಿಂದ ಒಮ್ಮೆ ಕೈಮುಗಿದು, ಎಲೆ ಅಡಿಕೆಗೆ ಇದೇ ಸಮಯವೆಂದು ಸಂಚಿ ಬಿಚ್ಚುತ್ತಾರೆ. ರಾಕ್ಷಸ ಬರುವಾಗ ನೋಡಬೇಕು! ಪಂಜಿನ ಮೇಲೆ ರಾಳ ಎರಚುತ್ತಾರೆ, ಭಾಗವತನ ಗಂಟಲು ಏರುತ್ತದೆ, ಮಲಗಿದ್ದ ಮಕ್ಕಳನ್ನು ತಾಯಂದಿರು ತಟ್ಟಿ ಎಬ್ಬಿಸುತ್ತಾರೆ. ಊರಿನಲ್ಲಿರುವ ಒಳ್ಳೆಯ ಮೀಸೆ, ಒಳ್ಳೆಯ ಶಾರೀರ ಎರಡೂ ಅವನಿಗೇ ಮೀಸಲು. ಕೊನೆಗೆ ಅವನು ಸಾಯುತ್ತಾನೆ, ನಿಜ. ಆದರೆ ಮಾರನೆಯ ದಿನ ಹೊಲದಲ್ಲಿ ಜನ ಮತ್ತೆ ಮತ್ತೆ ಆಡಿಕೊಳ್ಳುವುದು ಅವನ ಮಾತನ್ನೇ. ದೇವರು ಏನೆಂದ ಎಂದು ಕೇಳಿದರೆ, “ಏನೋ ಅಂದ ಕಣಪ್ಪಾ, ಒಳ್ಳೇದೇ ಅಂದಿರ್ತಾನೆ” ಎನ್ನುತ್ತಾರೆ.

ಇಂಗ್ಲಿಷಿನವರೂ ಈ ವಿಷಯದಲ್ಲಿ ನಮ್ಮ ನೆಂಟರೇ ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಅಲ್ಲಿ ನಮಗೆ ಅವರದೊಂದು ಮಹಾಕಾವ್ಯ ಪಾಠಕ್ಕಿತ್ತು. ದೇವರಿಗೆ ಎದುರು ಬಿದ್ದ ಸೈತಾನನ ಕಥೆ. ಸ್ವರ್ಗದಿಂದ ತಳ್ಳಿಸಿಕೊಂಡು, ಬೆಂಕಿಯ ಕೆರೆಯಲ್ಲಿ ಬಿದ್ದುಕೊಂಡೇ ಅವನು ಮಾತು ಶುರು ಮಾಡುತ್ತಾನೆ. ಮಾತೆಂದರೆ ಎಂಥ ಮಾತು! ಸೋತವನ ಬಾಯಲ್ಲಿ ಅಷ್ಟು ಗತ್ತು ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮಗೆ ಪಾಠ ಹೇಳುತ್ತಿದ್ದ ಪಾದ್ರಿಗಳು ಪರಮ ದೈವಭಕ್ತರು. ಆದರೆ ಸೈತಾನನ ಭಾಷಣ ಬಂದಾಗ ಮೇಜು ಗುದ್ದುತ್ತಿದ್ದರು, ದೇವರ ಭಾಷಣ ಬಂದಾಗ ಗಡಿಯಾರ ನೋಡುತ್ತಿದ್ದರು. ಓದು ಮುಗಿದು ಅಜ್ಜಂಪುರದ ಶಾಲೆಗೆ ಇಂಗ್ಲಿಷ್ ಮೇಷ್ಟರಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಆ ಪುಸ್ತಕವೂ ಬಂತು.

ಇನ್ನು ನನ್ನ ಸಂಸಾರದ ಸಮಾಚಾರ. ಅಜ್ಜಂಪುರದ ಪಕ್ಕದ ಹಳ್ಳಿಯ ಪಟೇಲರು ನನ್ನ ಮಾವ. ಅವರಿಗೆ ಇಬ್ಬರೇ ಮಕ್ಕಳು: ನನ್ನ ಹೆಂಡತಿ ಗೌರಿ, ಅವಳ ತಮ್ಮ ರಂಗಪ್ಪ. ಶಾಲೆ ಹತ್ತಿರವಾಯಿತೆಂದು ನಾನು ಅವರ ಮನೆಯಲ್ಲೇ ಉಳಿದೆ. ಮನೆಯಳಿಯನ ಬಾಳಿನ ಬಗ್ಗೆ ಲೋಕದಲ್ಲಿ ಅನೇಕ ಗಾದೆಗಳಿವೆ, ಒಂದೂ ಒಳ್ಳೆಯದಲ್ಲ. ಆದರೆ ನನ್ನ ವಿಷಯದಲ್ಲಿ ಅವೆಲ್ಲ ಸುಳ್ಳಾದವು. ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ತಾಲ್ಲೂಕಿನ ಅಮಲ್ದಾರರು ಬಂದಾಗ ನಾನು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದೆ. ಅಮಲ್ದಾರರು ನಕ್ಕರು. ಮಾವನಿಗೆ ಅದು ಎಷ್ಟು ಹಿಡಿಸಿತೆಂದರೆ, ಅದುವರೆಗೆ ಅವರ ಬಲಗಡೆ ರಂಗಪ್ಪ ಕೂರುತ್ತಿದ್ದ ಕುರ್ಚಿ ನನ್ನ ಪಾಲಿಗೆ ಬಂತು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಯುಗಾದಿಯ ದಿನ ಮಾವ ಊರವರೆಲ್ಲರ ಮುಂದೆ, “ಇನ್ಮೇಲೆ ಮನೆ ಯವಾರ ಎಲ್ಲಾ ಮೇಷ್ಟ್ರು ಹೇಳ್ದಂಗೆ. ರಂಗಾ, ಭಾವನ ಕಾಲಿಗೆ ಬೀಳು” ಎಂದುಬಿಟ್ಟರು. ರಂಗಪ್ಪ ಬೀಳಲಿಲ್ಲ. “ನಿನ್ನ ಕಾಲಿಗೆ ದಿನಾ ಬೇಕಾದ್ರೂ ಬೀಳ್ತೀನಿ ಕಣಪ್ಪಾ. ನಿನ್ನೆ ಮೊನ್ನೆ ಬಂದೋರಿಗೆಲ್ಲ ನಾನು ಬಗ್ಗಾಕಿಲ್ಲ” ಎಂದ. “ಹಂಗಾದ್ರೆ ನನ್ನ ಹೊಸಿಲು ತುಳೀಬ್ಯಾಡ” ಎಂದರು ಮಾವ. ಅವನು ಆ ಕ್ಷಣವೇ ಹೊರಟುಹೋದ. ಆಮೇಲೆ ಸುದ್ದಿ ಬಂತು: ಕೈಯ ಕಡಗ ಮಾರಿ ಕುದುರೆ ಕೊಂಡು, ತರೀಕೆರೆಯ ರೈಲು ಸ್ಟೇಷನ್ನಿನ ಮುಂದೆ ಜಟಕಾ ಓಡಿಸುತ್ತಿದ್ದಾನಂತೆ. ಪಟೇಲರ ಮಗ! ಅಂದಿನಿಂದ ಮನೆಯಲ್ಲಿ ಅವನ ಹೆಸರೆತ್ತುವಂತಿರಲಿಲ್ಲ. ಅತ್ತೆ ಮಾತ್ರ ದಿನವೂ ಒಂದು ಮುದ್ದೆ ಹೆಚ್ಚಿಗೆ ಕಟ್ಟಿ, ಸಂಜೆ ಅದನ್ನು ಎಮ್ಮೆಯ ಬಾನಿಗೆ ಹಾಕುತ್ತಿದ್ದರು. ನಾನು ಅದನ್ನು ನೋಡಿಯೂ ನೋಡದವನಂತೆ ಇದ್ದೆ. ಕುರ್ಚಿ ನನಗೆ ಚೆನ್ನಾಗಿ ಒಪ್ಪುತ್ತದೆಂದು ಕೆಲವರು ಹೇಳುತ್ತಿದ್ದರು. ಯಾರೂ ಹೇಳದ ದಿನ ನಾನೇ ಅಂದುಕೊಳ್ಳುತ್ತಿದ್ದೆ.

ಆ ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಕಾವ್ಯ ಓದಿಸುವುದು ಹಿಂದಿನಿಂದ ಬಂದ ಪದ್ಧತಿ. ಓದುತ್ತಿದ್ದ ಮುದುಕರು ಕೆಮ್ಮು ಹೆಚ್ಚಾಗಿ ಹಿರೇನಲ್ಲೂರಿನ ಮಗಳ ಮನೆಗೆ ಹೋದರು. ಮಾವ ನನ್ನನ್ನು ಕರೆದು, “ಮೇಷ್ಟ್ರೇ, ನಿಮ್ತಾವ ಇಂಗ್ಲಿಷಿಂದು ಅಷ್ಟು ದಪ್ಪ ಪುಸ್ತಕ ಐತಲ್ಲ, ಅದೇನೈತೋ ಓದಿ ಅರ್ಥ ಹೇಳಿ. ನಮ್ಮೋವು ಎಲ್ಲ ಕೇಳಿದ್ದೇ” ಎಂದರು. ನನಗೆ ಇಂಥ ಅವಕಾಶ ಸಿಕ್ಕರೆ ಬಿಡುವುದುಂಟೇ? ಮೊದಲು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವುದು, ಆಮೇಲೆ ಕನ್ನಡದಲ್ಲಿ ಅರ್ಥ ಹೇಳುವುದು ಎಂದು ಗೊತ್ತುಮಾಡಿಕೊಂಡೆ. ಇಂಗ್ಲಿಷಿಗೇ ಜನ ಹೆಚ್ಚು ತಲೆದೂಗುತ್ತಿದ್ದರು. ಅರ್ಥವಾಗದ ಕಾವ್ಯಕ್ಕೆ ತಲೆದೂಗುವುದು ಸುಲಭ, ಎಲ್ಲಿ ಬೇಕಾದರೂ ತೂಗಬಹುದು.

ಕೇಳುವವರು ಮಾವ, ಅಕ್ಕಪಕ್ಕದ ಮನೆಯ ಕೆಲವರು ಹಿರಿಯರು, ಮತ್ತೆ ನಮ್ಮ ಶಾಲೆಯ ಉರ್ದು ಮುನ್ಷಿಗಳು. ಮುನ್ಷಿಗಳು ಬರುತ್ತಿದ್ದದ್ದು ನಮ್ಮ ತೋಟದ ಎಳನೀರಿನ ಮೇಲಣ ಪ್ರೀತಿಯಿಂದ. ಗೌರಿ ಮತ್ತು ಅತ್ತೆ ಬಾಗಿಲ ಮರೆಯಲ್ಲಿ ಕೂರುತ್ತಿದ್ದರು. ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ಹೇಳಬೇಕಾದ್ದನ್ನೆಲ್ಲ, “ಕೇಳೇ ಗೌರಿ” ಎಂದು ಮಗಳಿಗೆ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ.

ಮೊದಲ ಭಾನುವಾರ ಸೈತಾನ ಬೆಂಕಿಯ ಕೆರೆಯಲ್ಲಿ ಬಿದ್ದ ಭಾಗ. ಪಾದ್ರಿಗಳಂತೆ ನಾನೂ ಕುರ್ಚಿಯ ಕೈ ಗುದ್ದಿ ಓದಿದೆ. ಹುಟ್ಟಿದ ಮನೆಯ ಬೆಳಕೆಲ್ಲಿ, ಈ ಕತ್ತಲೆಯೆಲ್ಲಿ ಎಂದು ಅವನು ಹಲುಬುವ ಮಾತಿಗೆ ಅರ್ಥ ಹೇಳಿ ತಲೆಯೆತ್ತಿ ನೋಡುತ್ತೇನೆ: ಮಾವ ಶಲ್ಯದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಬಾಗಿಲ ಹಿಂದೆ ಮೂಗು ಸೀಟಿದ ಸದ್ದು. ನನ್ನ ಓದಿಗೆ ಕಲ್ಲೂ ಕರಗುತ್ತದೆ ಎಂದು ನನಗೆ ಅಂದೇ ಖಾತ್ರಿಯಾಯಿತು. ತೃಪ್ತಿಯಿಂದ ಪುಸ್ತಕ ಮುಚ್ಚಿದೆ.

“ಏನ್ ಮೇಷ್ಟ್ರೇ, ಅಲ್ಲಿಗೇ ಮುಚ್ಬಿಟ್ರಾ?” ಎಂದರು ಮಾವ ಗಾಬರಿಯಿಂದ. “ಬಿದ್ದೋನು ಬಿದ್ದಂಗೇ ಅವ್ನಲ್ಲ!”

ಆಗ ನನಗೆ ನೆನಪಾಯಿತು. ಅಶುಭದ ಜಾಗದಲ್ಲಿ ಓದು ನಿಲ್ಲಿಸಬಾರದು. ಮೂರ್ಛೆ ಹೋದವನು ಏಳಬೇಕು, ಕಾಡಿಗೆ ಹೋದವನು ನೆರಳು ಸೇರಬೇಕು, ಆಮೇಲೆಯೇ ಮಂಗಳ ಹಾಡಿ ಪುಸ್ತಕ ಮುಚ್ಚಬೇಕು. ಇಲ್ಲದಿದ್ದರೆ ಕೇಳಿದವರ ಮನೆಗೆ ಕೇಡು. ನಾನು ಮತ್ತೆ ಪುಸ್ತಕ ಬಿಚ್ಚಿ, ಸೈತಾನನನ್ನು ಕೆರೆಯಿಂದ ಎಬ್ಬಿಸಿ ದಡಕ್ಕೆ ತಂದು ನಿಲ್ಲಿಸಿದೆ. “ಸದ್ಯ” ಎಂದು ಎಲ್ಲರೂ ಮೇಲಕ್ಕೆದ್ದರು.

ಹೀಗೆ ನಾಲ್ಕಾರು ಭಾನುವಾರ ನಡೆಯಿತು. ದೇವರ ಭಾಗ ಬಂದರೆ ಮಾವ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಪಕ್ಕದ ಮನೆಯ ಯಜಮಾನರು, “ಈ ಉಪದೇಶ ಬಿಟ್ಟು ಮುಂದಕ್ಕೋಗಿ ಮೇಷ್ಟ್ರೇ, ಅವನು ಎಲ್ಲಿಗೆ ಬಂದ?” ಎನ್ನುತ್ತಿದ್ದರು. ಒಂದು ದಿನ ಮಾವ ಎಚ್ಚರವಾಗಿದ್ದು ಕೇಳಿದರು: “ಅಲ್ಲಾ, ಅವನನ್ನ ಹೊರಗಾಕಿದ್ದು ಯಾತಕ್ಕೆ?” ಕವಿ ಅದನ್ನು ನಡುವೆ ಎಲ್ಲೋ ಹೇಳುತ್ತಾನೆ. ನಾನು ಪುಟ ತಿರುವಿ ಅರ್ಥ ಹೇಳಿದೆ: “ದೊಡ್ಡಾತ ಒಂದು ದಿನ ಸಭೆ ಸೇರಿಸಿ, ತನ್ನ ಬಲಗಡೆ ಒಬ್ಬನನ್ನು ಕೂರಿಸಿ, ಇನ್ನು ಮೇಲೆ ಎಲ್ಲರೂ ಇವನಿಗೆ ಬಗ್ಗಬೇಕು ಎಂದನಂತೆ. ಇವನು ಬಗ್ಗಲಿಲ್ಲ.” ಎಲ್ಲರೂ ಮಾವನ ಬಲಗಡೆ ಕುರ್ಚಿಯಲ್ಲಿ ಕುಳಿತಿದ್ದ ನನ್ನನ್ನೇ ನೋಡುತ್ತಿದ್ದರು. ಓದು ಚೆನ್ನಾಗಿ ಸಾಗಿದೆಯೆಂದು ತಿಳಿದು ನಾನು ಇನ್ನೂ ಸ್ವಲ್ಪ ಗಂಟಲೇರಿಸಿದೆ. ಕಾಲೇಜಿನಲ್ಲಿ ಕಾವ್ಯ ಓದಿದವನ ಬುದ್ಧಿ ಎಷ್ಟು ಚುರುಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಷ್ಟ ಬಂದದ್ದು ಕೊನೆಯಲ್ಲಿ. ಮುಂದಿನ ಭಾನುವಾರ ಮಂಗಳ ಮಾಡಿಬಿಡೋಣವೆಂದು ಮಾವ ಹೇಳಿದರು. ನಾನು ಎಲ್ಲ ಪುಟ ಹುಡುಕಿದೆ. ಸೈತಾನನನ್ನು ಯಾರೂ ಮನೆಗೆ ಕರೆಯುವುದೇ ಇಲ್ಲ. ಕವಿ ಅವನಿಗೆ ಅಷ್ಟು ಒಳ್ಳೆಯ ಮಾತು ಕೊಟ್ಟು, ಕೊನೆಗೆ ಹಾವು ಮಾಡಿ ಹೊಟ್ಟೆಯ ಮೇಲೆ ತೆವಳಿಸಿ ಕೈತೊಳೆದುಕೊಂಡಿದ್ದಾನೆ. ಅದನ್ನು ಓದಿ, ಮಂಗಳಕ್ಕೆಂದು ಹಬ್ಬದೂಟ ಮಾಡಿದ ಮನೆಯಲ್ಲಿ ಪುಸ್ತಕ ಮುಚ್ಚುವುದು ಹೇಗೆ? ಕಡೆಗೆ ನಾನೇ ಒಂದು ಮಂಗಳ ಕಟ್ಟಿದೆ. ಇಂಗ್ಲಿಷಿನ ಯಾವುದೋ ಒಂದು ಪುಟವನ್ನು ಗಂಭೀರವಾಗಿ ಓದಿ, ಅರ್ಥವನ್ನು ಹೀಗೆ ಹೇಳಿದೆ: ಸೈತಾನನಿಗೆ ಪಶ್ಚಾತ್ತಾಪವಾಯಿತು, ಅವನು ಬಂದು ಬಲಗಡೆ ಕುಳಿತವನ ಕಾಲಿಗೆ ಬಿದ್ದ, ಬಲಗಡೆ ಕುಳಿತವನು ದೊಡ್ಡ ಮನಸ್ಸಿನಿಂದ ಅವನನ್ನು ಕ್ಷಮಿಸಿದ, ಸ್ವರ್ಗದಲ್ಲಿ ಹೂಮಳೆಯಾಯಿತು.

ಯಾರೂ ತಲೆದೂಗಲಿಲ್ಲ. ಬಾಗಿಲ ಮರೆಯಿಂದ ಅತ್ತೆಯ ದನಿ ಬಂತು. “ಕೇಳೇ ಗೌರಿ, ಅವನು ಕಾಲಿಗೆ ಬಿದ್ದ ಅಂತ ಪುಸ್ತಕದಾಗೈತೋ, ನಿನ್ನ ಗಂಡನ ಮನಸ್ಸಿನಾಗೈತೋ?”

ಇಷ್ಟು ವಾರ ಇವರೆಲ್ಲ ಯಾರಿಗಾಗಿ ಅತ್ತರು ಎಂಬುದು ನನಗೆ ತಿಳಿದದ್ದು ಆಗ. ಅದು ನನ್ನ ಓದಿಗೂ ಅಲ್ಲ, ಇಂಗ್ಲಿಷ್ ಕವಿಗೂ ಅಲ್ಲ. ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಕೂರೋಣವೆನ್ನಿಸಿತು, ಆದರೆ ಹಾಗೆ ಮಾಡಿದರೆ ಇನ್ನೂ ಎದ್ದು ಕಾಣುತ್ತದೆಂದು ಅಲ್ಲೇ ಕೂತೆ.

ಮುನ್ಷಿಗಳು ಎಳನೀರಿನ ಬುರುಡೆ ಪಕ್ಕಕ್ಕಿಟ್ಟು, “ಪಟೇಲ್ ಸಾಬ್, ನಮ್ಮಲ್ಲೂ ಈ ಮಾತೈತೆ” ಎಂದರು. “ಮಣ್ಣಿಂದ ಮಾಡಿದ ಮೊದಲ್ನೇ ಮನುಷ್ಯನ್ಗೆ ಬಗ್ಗು ಅಂತ ದೇವ್ರು ಅಂದ್ರೆ ಸೈತಾನ ಬಗ್ಗಲಿಲ್ಲ, ಸೊಕ್ಕು ಅಂತಾರೆ ಎಲ್ಲಾ. ಆದ್ರೆ ಕೆಲವ್ರು ಬುಜುರ್ಗರು, ಹಿರೀಕರು, ಬೇರೇನೇ ಹೇಳ್ತಾರೆ. ಮಾಲಿಕನ ಮೇಲೆ ಅವನ್ಗೆ ಮೊಹಬ್ಬತ್ ಜಾಸ್ತಿ. ಆ ಪ್ರೀತಿ ಇನ್ನೊಬ್ರಿಗೆ ಬಗ್ಗಾಕೆ ಬಿಡ್ಲಿಲ್ಲ ಅಂತ.”

“ಪ್ರೀತಿ ಜಾಸ್ತಿಯಾಗಿ ಬಗ್ಲಿಲ್ಲ ಅಂತೀರಾ?” ಎಂದರು ಮಾವ.

“ನಾನಲ್ಲ ಪಟೇಲ್ರೇ, ಹಿರೀಕರು ಅಂತಾರೆ.”

ಅಷ್ಟರಲ್ಲಿ ಆ ಮನೆಯಲ್ಲಿ ಹಿಂದೆಂದೂ ಆಗದ್ದು ಆಯಿತು. ಅತ್ತೆ ಬಾಗಿಲ ಮರೆ ಬಿಟ್ಟು ಜಗಲಿಗೆ ಬಂದು ನನ್ನ ಮುಂದೆಯೇ ನಿಂತರು. ಸೆರಗು ಹೊದ್ದಿದ್ದರು, ಕಣ್ಣು ಕೆಂಪಗಿದ್ದವು. “ನೋಡಿ, ಆ ಪುಸ್ತಕದಾಗೆ ಅವನಿಗೆ ತಾಯಿಲ್ಲ. ಅದಕ್ಕೇ ನಿಮಗೆ ಮಂಗಳ ಸಿಕ್ಲಿಲ್ಲ. ನನ್ನ ಮಗನಿಗೆ ನಾನಿದ್ದೀನಿ. ನೀವು ತರೀಕೆರೆಗೋಗಿ ಅವನ್ನ ಕರ್ಕಂಬನ್ನಿ” ಎಂದರು.

ನಾನು ಮಾವನ ಮುಖ ನೋಡಿದೆ. ಅವರು ಬೇಡವೆನ್ನಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಶಲ್ಯ ಕೊಡವಿಕೊಂಡು ಏಳುತ್ತಾ, “ಬೀರೂರಲ್ಲಿ ಗಾಡಿ ಬದಲಾಯಿಸ್ಬೇಕು, ಮರೆತು ಕಡೂರಿಗೆ ಹೋಗ್ಬಿಟ್ಟೀರಿ” ಎಂದರು.

ಮಾರನೆಯ ದಿನ ತರೀಕೆರೆಯಲ್ಲಿ ರೈಲಿಳಿದು ಹೊರಗೆ ಬಂದೆ. ಜಟಕಾದವರೆಲ್ಲ ಸುತ್ತಿಕೊಂಡರು. ಅವರ ಹಿಂದಿನಿಂದ, “ಪೇಟೆಗಾ ಸ್ವಾಮಿ? ಲಿಂಗದಹಳ್ಳಿಗಾ?” ಎಂದು ಕೂಗುತ್ತಾ ಬಂದವನು ರಂಗಪ್ಪನೇ. ಕಪ್ಪಗಾಗಿದ್ದ, ಮೀಸೆ ಚೆನ್ನಾಗಿ ಬೆಳೆದಿತ್ತು. ನನ್ನನ್ನು ಕಂಡು ನಿಂತ.

“ಮನೆಗೆ ಬಾ” ಎಂದೆ. ರೈಲಿನಲ್ಲಿ ಒಂದು ಭಾಷಣ ಕಟ್ಟಿಕೊಂಡು ಹೋಗಿದ್ದೆ, ಒಂದಕ್ಷರ ನೆನಪಿಗೆ ಬರಲಿಲ್ಲ.

“ಅಪ್ಪ ಹೇಳಿದ್ನಾ?”

“ನಿಮ್ಮವ್ವ ಹೇಳಿದ್ರು. ನಿಮ್ಮಪ್ಪ ಬೇಡ ಅನ್ನಲಿಲ್ಲ.”

ಅವನು ಕುದುರೆಯ ಕತ್ತು ಸವರುತ್ತಾ ನಿಂತ. “ನಾನು ಬಗ್ಗಾಕಿಲ್ಲ ಭಾವ, ಈಗ್ಲೇ ಹೇಳಿರ್ತೀನಿ.”

“ಬಗ್ಗಬೇಡ ಮಾರಾಯ. ಹಾಗೇ ಬಾ. ನಿನ್ನ ಅವ್ವ ದಿನಾ ನಿನ್ನ ಪಾಲಿನ ಮುದ್ದೆ ಎಮ್ಮೆಗೆ ಹಾಕಿ, ಆ ಎಮ್ಮೆ ಏಳಲಾರದಷ್ಟು ಕೊಬ್ಬಿದೆ” ಎಂದೆ. ಅವನು ನಗಲು ಹೋದ, ನಗು ಬರಲಿಲ್ಲ, ಕುದುರೆಯ ಆಚೆ ಬದಿಗೆ ಹೋಗಿ ಹಗ್ಗ ಸರಿಮಾಡುವವನಂತೆ ಸ್ವಲ್ಪ ಹೊತ್ತು ನಿಂತ. ನನಗೂ ಕಣ್ಣು ತುಂಬಿತು. ಆಮೇಲೆ, “ರೈಲ್ಯಾಕೆ, ಗಾಡಿ ಐತಲ್ಲ, ಹತ್ತಿ” ಎಂದ. ಜಟಕಾ ಹತ್ತಿದವರಿಗೆ ಗೊತ್ತು: ಅದರ ಕಮಾನು ತಗ್ಗು, ದಿವಾನರೇ ಬಂದರೂ ತಲೆ ತಗ್ಗಿಸದೆ ಒಳಗೆ ಹೋಗಲಾಗದು. “ಬಗ್ಗಿ ಭಾವ, ಇನ್ನೂ ಬಗ್ಗಿ, ತಲೆ ಹೊಡೆದಾತು” ಎಂದ ರಂಗಪ್ಪ. ನಾನು ಪೇಟ ತೆಗೆದು ಕೈಯಲ್ಲಿ ಹಿಡಿದು, ಚೆನ್ನಾಗಿಯೇ ಬಗ್ಗಿದೆ.

ಮನೆ ಮುಟ್ಟಿದಾಗ ಮಾವ ಬಾಗಿಲಲ್ಲೇ ಇದ್ದರು. ರಂಗಪ್ಪ ಅಂಗಳದಲ್ಲಿ ನಿಂತು ಮುಂದೆ ಬರಲಿಲ್ಲ. “ಹೊಸಿಲು ತುಳೀಬ್ಯಾಡ ಅಂದಿದ್ದೆ. ದಾಟ್ಕಂಬಾ ಒಳಕ್ಕೆ” ಎಂದರು ಮಾವ. ಪಟೇಲಿಕೆ ಮಾಡಿದವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೀಗೆ. ರಂಗಪ್ಪ ಒಳಗೆ ಬಂದು ಅಪ್ಪನ ಕಾಲಿಗೆ ಬಿದ್ದ, ಅವ್ವನ ಕಾಲಿಗೆ ಬಿದ್ದ. ಪಕ್ಕದಲ್ಲಿ ನಾನೂ, ಬಿದ್ದರೆ ಎಬ್ಬಿಸಲು ಅನುಕೂಲವಾಗಲೆಂದು, ಕೈ ಸ್ವಲ್ಪ ಮುಂದಕ್ಕೆ ಚಾಚಿ ನಿಂತಿದ್ದೆ. ಅವನು ನನ್ನನ್ನು ಸುತ್ತುಹಾಕಿಕೊಂಡು ಹಿತ್ತಲಿಗೆ ಕುದುರೆಗೆ ಹುಲ್ಲು ತರಲು ಹೋದ.

ಮುಂದಿನ ಜಮಾಬಂದಿಯಲ್ಲಿ ಕುರ್ಚಿಯ ಮೇಲೆ ರಂಗಪ್ಪ ಕೂತ. ನನಗೆ ಚಾಪೆ, ಕಂಬದ ಹತ್ತಿರ. ಅಮಲ್ದಾರರು ಯಾರೋ ಹೊಸಬರು, ಕನ್ನಡದಲ್ಲೇ ಮಾತಾಡಿದರು. ಮನೆಯಲ್ಲಿ ಎಲ್ಲರಿಗೂ ಸಂತೋಷ, ನನಗೂ ಸಂತೋಷವೇ. ಆದರೂ ಆ ಸಂಜೆ ಗೌರಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ನನ್ನ ಹೊಟ್ಟೆಯೊಳಗಿನ ಮಾತು ಬಾಯಿಗೆ ಬಂದೇಬಿಟ್ಟಿತು. ಬಲಗಡೆ ಕುಳಿತವನಿಗೂ ಒಂದು ಕಷ್ಟವಿರುತ್ತದೆ, ಅವನು ಕೂರಿಸಿ ಎಂದು ಕೇಳಿರಲಿಲ್ಲ, ಇಳಿ ಎಂದಾಗ ಇಳಿದ, ಇಷ್ಟು ದೊಡ್ಡ ಕಾವ್ಯದಲ್ಲಿ ಅವನಿಗಾಗಿ ಒಬ್ಬರೂ ಒಂದು ಹನಿ ಕಣ್ಣೀರು ಹಾಕುವುದಿಲ್ಲವಲ್ಲ ಎಂದು, ನನ್ನ ಮಟ್ಟಿಗೆ ಬಹಳ ಮನಕರಗುವಂತೆ, ದೀರ್ಘವಾಗಿಯೇ ಹೇಳಿದೆ.

ಗೌರಿ ಸಿಪ್ಪೆಯನ್ನು ಮೊರದಿಂದ ಪಕ್ಕಕ್ಕೆ ತಳ್ಳಿದಳು. “ಮೊದ್ಲು ನೀವೂ ಎಲ್ಲಾದ್ರೂ ಹೋಗಿ ಬಿದ್ದು ಬನ್ರೀ” ಎಂದಳು. “ಆಮೇಲೆ ಅಳಾನ.”