ಕುಂಬಳಕಾಯಿಗೆ ಮೊದಲ ಏಟು

ಪ್ರತಿಯೊಬ್ಬ ಮನುಷ್ಯನಿಗೂ ಒಂದಾದರೂ ವಿದ್ಯೆ ಒಲಿದಿರುತ್ತದೆ ಎಂದು ನಾನು ನಂಬಿದ್ದೇನೆ. ಕೆಲವರು ಹಾಡುತ್ತಾರೆ, ಕೆಲವರು ಕೆಟ್ಟ ಮೋಟರು ರಿಪೇರಿ ಮಾಡುತ್ತಾರೆ. ನಮ್ಮ ಷಡ್ಡಕರೊಬ್ಬರು ಯಾರ ಮದುವೆಯಾದರೂ ಸರಿ, ಮೊದಲ ಪಂಕ್ತಿಯಲ್ಲೇ ಜಾಗ ಹಿಡಿಯುತ್ತಾರೆ. ನನಗೆ ಒಲಿದಿರುವುದು ಕುಂಬಳಕಾಯಿ ಒಡೆಯುವ ವಿದ್ಯೆ. ಇಡೀ ಕುಂಬಳಕಾಯಿಗೆ ಮೊದಲ ಏಟು ಹೆಂಗಸರು ಹಾಕಬಾರದು, ಗಂಡಸರೇ ಹಾಕಬೇಕು ಎಂಬ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಏಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನಂತೂ ಕೇಳಲು ಹೋಗಿಲ್ಲ; ನನಗೆ ಅನುಕೂಲವಾಗಿರುವ ಪದ್ಧತಿಗಳ ಬುಡ ಕೆದಕುವ ಅಭ್ಯಾಸ ನನಗಿಲ್ಲ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಮ್ಮ ರಸ್ತೆಯ ಗಂಡಸರೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೊರಟರೆಂದರೆ ಹಿಂದೆ ಉಳಿಯುವವನು ನಾನೊಬ್ಬನೇ, ನಿವೃತ್ತ ಗುಮಾಸ್ತ. ಹಾಗಾಗಿ ವಾರಕ್ಕೊಮ್ಮೆಯಾದರೂ ಯಾವುದೋ ಒಂದು ಮನೆಯಿಂದ ಕರೆ ಬರುತ್ತಿತ್ತು: "ಅಣ್ಣಾರೆ, ಒಂದೀಟು ಬಂದು ಹೋಗ್ರಿ, ಕುಂಬಳಕಾಯಿ ಐತೆ."

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋಗುತ್ತಿದ್ದೆ. ಕಾಯನ್ನು ಒಮ್ಮೆ ಸುತ್ತ ತಿರುಗಿಸಿ ನೋಡುವುದು, ಬೆರಳಿನಿಂದ ತಟ್ಟಿ ಸದ್ದು ಕೇಳುವುದು, ತೊಟ್ಟಿನ ಪಕ್ಕದ ತಗ್ಗಿನಲ್ಲಿ ಚಾಕುವಿನ ತುದಿಯಿಟ್ಟು ಅಂಗೈಯಿಂದ ಒಂದು ಏಟು. ಮಿಕ್ಕಿದ್ದನ್ನು ಹೆಂಗಸರು ಹೆಚ್ಚಿಕೊಳ್ಳುತ್ತಿದ್ದರು. ನನಗೆ ಒಂದು ಲೋಟ ಚಹಾ ಬರುತ್ತಿತ್ತು. ಕಚೇರಿಯಲ್ಲಿದ್ದಾಗಲೂ ಜನ ನನಗಾಗಿ ಕಾಯುತ್ತಿದ್ದರು, ನಿಜ. ಆದರೆ ಆಗ ಅವರ ಮುಖದಲ್ಲಿ ಗೌರವ ಕಾಣುತ್ತಿರಲಿಲ್ಲ.

ಇಷ್ಟು ಹೆಸರಿದ್ದವನು ಒಡೆಯುವುದರಲ್ಲೇ ತೃಪ್ತನಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಹರಿಹರದ ನಮ್ಮ ಬೀಗರು, ಅಂದರೆ ಮಗಳ ಅತ್ತೆ-ಮಾವ, ಒಂದು ಭಾನುವಾರ ಊಟಕ್ಕೆ ಬರುವವರಿದ್ದರು. ಮದುವೆಯಾದ ಮೇಲೆ ಅವರು ನಮ್ಮ ಮನೆಯಲ್ಲಿ ಉಣ್ಣುವುದು ಅದೇ ಮೊದಲು. ಮದುವೆಯ ಊಟದಲ್ಲಿ ಪಲ್ಯ ಸಪ್ಪಗಿತ್ತೆಂದು ಬೀಗಿತ್ತಿ ಶಿವಗಂಗಮ್ಮನವರು ಯಾರ ಹತ್ತಿರವೋ ಹೇಳಿದ್ದು ನನ್ನ ಹೆಂಡತಿ ಗಿರಿಜಳ ಕಿವಿಗೆ ಬಿದ್ದಿತ್ತು. ಅಡುಗೆಯವರು ಮಾಡಿದ ಪಲ್ಯಕ್ಕೆ ತಾನು ಉತ್ತರ ಕೊಡಬೇಕೆಂದು ಅವಳು ಆವತ್ತಿನಿಂದ ಕಾಯುತ್ತಿದ್ದಳು. ಅದೇ ಹೊತ್ತಿಗೆ ಮಾಯಕೊಂಡದಿಂದ ಅವಳ ಅಣ್ಣ ಒಂದು ಕುಂಬಳಕಾಯಿ ಕಳಿಸಿದರು. ತೊಗಟೆ ಕಲ್ಲಿನಂತಿತ್ತು, ಮಂಡಿಯ ಮೇಲಿಟ್ಟುಕೊಂಡರೆ ಎದುರಿನವರ ಮುಖ ಕಾಣುತ್ತಿರಲಿಲ್ಲ. ಗಿರಿಜ ಪಲ್ಯ ಮಾಡುತ್ತೇನೆಂದಳು. ನಾನು, ಅದನ್ನು ಓವನ್ನಿನಲ್ಲಿ ಸುಟ್ಟು ರೊಟ್ಟಿಯ ಜೊತೆಗೆ ನಂಜಿಕೊಳ್ಳಲು ಕೊಡೋಣ, ನಾನೇ ಮಾಡುತ್ತೇನೆ ಎಂದೆ.

ಆ ಓವನ್ನು ಅಳಿಯ ದೀಪಾವಳಿಗೆ ಕೊಟ್ಟದ್ದು. ನಮ್ಮ ಮನೆಯಲ್ಲಿ ಅದು ಅದುವರೆಗೆ ಮಂಡಕ್ಕಿ ಡಬ್ಬ ಇಡುವ ಸ್ಟ್ಯಾಂಡಾಗಿ ಸೇವೆ ಸಲ್ಲಿಸುತ್ತಿತ್ತು.

"ಬ್ಯಾಡ್ರಿ," ಎಂದಳು ಗಿರಿಜ. "ಬದನೆಕಾಯಿ ಸುಡೋದು ಗೊತ್ತು. ಕುಂಬಳಕಾಯಿ ಯಾರು ಸುಡ್ತಾರ? ಬ್ಯಾರೆ ಯಾವತ್ತಾರ ಮಾಡ್ರಿ, ಬೀಗ್ರು ಬಂದ ದಿನಾನೇ ಯಾಕ?"

"ಫೋನಿನಾಗೆ ನೋಡೀನಿ. ಹದಿನೈದಿಪ್ಪತ್ತು ನಿಮಿಷದ ಕೆಲಸ. ಅಳಿಯ ಕೊಟ್ಟ ಓವನ್ನಿನಾಗೆ ಮಾಡಿದ್ರೆ ಅವರಿಗೂ ಖುಷಿ."

"ನಿಮಗೆ ಕಾಯಿ ಒಡಿಯೋದು ಬಿಟ್ರೆ ಅಡಿಗಿ ಮನ್ಯಾಗೆ ಏನು ಬರ್ತೈತೆ ಹೇಳ್ರಿ?"

ಒಡೆಯುವುದು ಬರುತ್ತದೆಂದು ಅವಳೇ ಒಪ್ಪಿಕೊಂಡ ಮೇಲೆ ಅರ್ಧ ಗೆದ್ದಂತೆಯೇ ಎಂದುಕೊಂಡೆ. ಉಳಿದರ್ಧಕ್ಕೆ ಅವಳು ಸುಮ್ಮನಾದಳು. ಮೂವತ್ತು ವರ್ಷ ಸಂಸಾರ ಮಾಡಿದವಳ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದೆಂಬುದು ನನಗೆ ಗೊತ್ತಿರಬೇಕಿತ್ತು.

ಭಾನುವಾರ ಬೀಗರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ನನಗೆ ಸಂತೋಷವೇ ಆಯಿತು. ಒಡೆಯುವುದನ್ನು ನೋಡಲು ಜನವಿದ್ದರೆ ಕೈಗೆ ಬೇರೆಯೇ ಕಸುವು. ಅವರಿಬ್ಬರನ್ನೂ ಹಿತ್ತಲಿಗೆ ಕರೆದು, "ಕೂಡ್ರಿ, ಕೂಡ್ರಿ" ಎಂದು ಕುರ್ಚಿ ಹಾಕಿ, ಕುಂಬಳಕಾಯಿಯನ್ನು ತಟ್ಟಿ, ಒಳ್ಳೆಯ ಜಾತಿಯದೆಂದು ತೀರ್ಪು ಕೊಟ್ಟು, ತೊಟ್ಟಿನ ಪಕ್ಕ ಚಾಕುವಿಟ್ಟು ಏಟು ಹಾಕಿದೆ. ಚಾಕು ಅರ್ಧ ಒಳಗೆ ಹೋಗಿ ನಿಂತಿತು. ಇನ್ನೊಂದು ಏಟು ಹಾಕಿದೆ. ಹೋಗಲಿಲ್ಲ. ಎಳೆದೆ. ಬರಲಿಲ್ಲ. ಹಿಡಿಯನ್ನು ಹಿಡಿದು ಮೇಲೆತ್ತಿದರೆ ಕುಂಬಳಕಾಯಿಯೂ ಜೊತೆಗೇ ಎದ್ದಿತು. ಕಾಲಿನಿಂದ ಒತ್ತಿ ಹಿಡಿದು ಎಳೆಯೋಣವೆಂದರೆ ತಿನ್ನುವ ವಸ್ತು, ಬೀಗರ ಎದುರು. ಬೀಗರಾದ ಬಸವರಾಜಪ್ಪನವರು, "ನಾ ಒಂದ್ಸಲ ನೋಡ್ಲೇನ್ರಿ?" ಎಂದರು. "ಛೆ, ನೀವ್ಯಾಕ, ಕುಂತ್ಕಳ್ರಿ. ಇದು ಹಿಂಗೇ. ಒಂದೀಟು ಬಿಟ್ರೆ ಸಡಿಲಾಗ್ತೈತೆ," ಎಂದೆ. ಕುಂಬಳಕಾಯಿಯನ್ನು ಬಿಟ್ಟರೆ ಸಡಿಲಾಗುತ್ತದೆಂಬುದು ನಾನು ಆ ಗಳಿಗೆಯಲ್ಲಿ ಕಂಡುಹಿಡಿದ ಶಾಸ್ತ್ರ. ಎಲ್ಲರೂ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಳಿತೆವು. ಅದು ಸಡಿಲಾಗಲಿಲ್ಲ. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಗ ಶಿವಗಂಗಮ್ಮನವರು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಚಾಕುವಿನ ಸಮೇತ ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಕುಕ್ಕಿದರು. ಅದು ಎರಡು ಹೋಳಾಗಿ ಬಿತ್ತು. ಚಾಕು ಟಣ್ಣೆಂದು ಬೇರೆಯಾಯಿತು.

"ಅಕ್ಕಾರೆ, ಮೊದ್ಲು ಗಂಡಸರು ಒಡೀಬೇಕಲ್ರಿ," ಎಂದೆ, ಬೇರೇನೂ ತೋಚದೆ.

"ನಮ್ಮ ಮನ್ಯಾಗೆ ಗಂಡಸರು ಡ್ಯೂಟಿ ಮುಗಿಸಿ ಬರೋ ತನ ಕಾಯ್ಕಂತ ಕುಂತ್ರೆ ಊಟ ಯಾವಾಗ ಮಾಡೋದ್ರಿ ಅಣ್ಣಾರೆ? ನಮ್ಮತ್ತಿ ಕಾಲದಿಂದಾನೂ ನಾವೇ ಒಡಿಯೋದು," ಎಂದರು ಅವರು, ಕೈ ಒರೆಸಿಕೊಳ್ಳುತ್ತ.

ಕುಕ್ಕಿದ ಸದ್ದಿಗೆ ಪಕ್ಕದ ಮನೆಯ ಸರೋಜಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. ನೆಲದ ಮೇಲಿನ ಎರಡು ಹೋಳು ನೋಡಿದರು, ಶಿವಗಂಗಮ್ಮನವರ ಸೊಂಟದ ಸೆರಗು ನೋಡಿದರು, ಸದ್ದು ಕೇಳಿ ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಗಿರಿಜಳ ಕಡೆ ತಿರುಗಿದರು. "ಹಂಗಾರೆ ಗಿರಿಜಕ್ಕ, ಇನ್ನ ಅಣ್ಣಾರನ್ನ ಕರಿಯೋದು ಬ್ಯಾಡೇನು?" ಎಂದು ಕೇಳಿದರು. ಗಿರಿಜ ಕಣ್ಣಿನಲ್ಲೇ ಅವರನ್ನು ಗದರಿದಳು. ಸರೋಜಮ್ಮನ ತಲೆ ಕಾಂಪೌಂಡಿನ ಆಚೆ ಮುಳುಗಿತು.

ಹೋಳುಗಳನ್ನು ಅಡುಗೆಮನೆಗೆ ತಂದಿಟ್ಟು, ಸರೋಜಮ್ಮ ಹಾಗೇಕೆ ಅಂದರೆಂದು ಗಿರಿಜಳನ್ನು ಕೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು: "ರಿಟೈರಾದ ಮ್ಯಾಲೆ ದಿನಾ ಗೇಟು ನೋಡ್ಕಂತ ಕುಂತಿರ್ತಿದ್ರಿ. ಮಾತಿಲ್ಲ, ಕಥಿಯಿಲ್ಲ. ಊಟಾನೂ ಅಷ್ಟಕ್ಕಷ್ಟೇ. ನನಗೆ ಹೆದರಿಕಿ ಆತು. ನಮ್ಮನೇರನ್ನ ಏನಾರ ಕೆಲಸಕ್ಕೆ ಕರೀರಿ ಅಂತ ಸರೋಜಮ್ಮಗೆ ಹೇಳ್ದೆ. ಅವತ್ತು ಅವರ ಮನ್ಯಾಗೆ ಕುಂಬಳಕಾಯಿ ಇತ್ತು. ಚಹಾ ಕುಡ್ದು ಬಂದು ನೀವು ಎರಡು ದಿನ ಅದನ್ನೇ ಹೇಳ್ಕಂತ ತಿರುಗಾಡಿದ್ರಿ. ಆಮ್ಯಾಲೆ ಅವ್ರು ಉಳಿದೋರಿಗೂ ಹೇಳಿದ್ರು."

"ಅಂದ್ರೆ ಅವರೇ ಒಡ್ಕೊಂತಿದ್ರಾ?"

"ಮುಂಚೆ ಅಂಗಡ್ಯಾಗೇ ಹೋಳು ಮಾಡಿಸ್ಕೊಂಡು ತರ್ತಿದ್ರು. ನಿಮ್ಮ ಸಲುವಾಗಿ ಇಡೀ ಕಾಯಿ ತರಾಕ ಹತ್ತಿದ್ರು. ಸರೋಜಮ್ಮನ ಯಜಮಾನ್ರಿಗೆ ಕುಂಬಳಕಾಯಿ ಕಂಡ್ರೆ ಆಗಂಗಿಲ್ಲ. ಪಾಪ, ತಿಂದಾರ."

ಅವಮಾನವಾಯಿತೇ ಎಂದರೆ ಆಯಿತು. ಆದರೆ ಪರರ ಮನೆಯ ಗಂಡಸೊಬ್ಬ ನನಗಾಗಿ ವಾರಗಟ್ಟಲೆ ಬೇಡದ ಪಲ್ಯ ತಿಂದಿದ್ದಾನೆಂದು ತಿಳಿದ ಮೇಲೆ ಸಿಟ್ಟಾಗುವುದು ಕಷ್ಟ. ಗಿರಿಜ ನನ್ನ ಮುಖ ನೋಡಿ, "ನಾನೇ ಪಲ್ಯ ಮಾಡಿಬಿಡ್ಲೇನು?" ಎಂದಳು, ಮೆತ್ತಗೆ. ಬೇಡವೆಂದೆ. ಒಡೆಯುವುದು ಹೋಯಿತು, ಸುಡುವುದನ್ನಾದರೂ ಯಾರೂ ಕರುಣೆಯಿಂದ ನನಗೆ ಕೊಟ್ಟಿರಲಿಲ್ಲ.

ಒಂದು ಅರ್ಧದ ಬೀಜ ತೆಗೆದು, ಸಿಪ್ಪೆಯ ಸಮೇತ ಬೆರಳುದ್ದದ ಹೋಳು ಮಾಡಿದೆ. ಶೇಂಗಾ ಎಣ್ಣೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕೆಂಪು ಖಾರ, ಚಿಟಿಕೆ ಬೆಲ್ಲದ ಪುಡಿ ಹಾಕಿ ಕೈಯಿಂದಲೇ ಸವರಿದೆ. ಒಂದೇ ಸಲಕ್ಕೆ ಮುಗಿಯಲೆಂದು ಎಲ್ಲವನ್ನೂ ಟ್ರೇಯಲ್ಲಿ ಒತ್ತಿ ತುಂಬಿದೆ. ಅಡುಗೆಮನೆಗೆ ಬಂದು ನಿಂತಿದ್ದ ಶಿವಗಂಗಮ್ಮನವರ ಎದುರೇ ಅದನ್ನು ಹೊರತೆಗೆದಾಗ ಹೋಳುಗಳು ತಮ್ಮದೇ ನೀರಿನಲ್ಲಿ ಬೆಂದು ಮುದ್ದೆಯಾಗಿದ್ದವು. "ಕುಕ್ಕರಿನಾಗೆ ಎರಡು ಸೀಟಿ ಹೊಡ್ಸಿದ್ರೂ ಹಿಂಗೇ ಆಗ್ತಿತ್ತಲ್ರಿ," ಎಂದರು ಅವರು. ಮಾತು ನಿಜವಾಗಿತ್ತು. ಆದರೆ ಟ್ರೇಯ ಮೂಲೆಯಲ್ಲಿ ಜಾಗ ಸಿಕ್ಕಿ ಒಂಟಿಯಾಗಿ ಮಲಗಿದ್ದ ಒಂದು ಹೋಳು ಮಾತ್ರ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಬಾಯಿಗೆ ಹಾಕಿಕೊಂಡೆ. ತಪ್ಪು ಎಲ್ಲಿದೆಯೆಂದು ಗೊತ್ತಾಯಿತು. ಕಾಯಿಯ ಇನ್ನೊಂದು ಅರ್ಧವನ್ನು ಹೆಚ್ಚಿ, ಅದೇ ಮಸಾಲೆ ಸವರಿ, ಈ ಸಲ ಒಂದಕ್ಕೊಂದು ತಾಗದಂತೆ ಹರಡಿ, ಓವನ್ನನ್ನು ಚೆನ್ನಾಗಿ ಕಾಯಲು ಬಿಟ್ಟು ಟ್ರೇ ಒಳಗಿಟ್ಟೆ. ನಡುವೆ ಒಮ್ಮೆ ಮಗುಚಿದೆ. ಬೆಲ್ಲ ಕರಗಿ ಬೆಳ್ಳುಳ್ಳಿಯ ಜೊತೆ ಸೇರಿದ ವಾಸನೆ ನಡುಮನೆಗೆ ಹೋದಾಗ ಬಸವರಾಜಪ್ಪನವರು ಪೇಪರು ಮಡಚಿಟ್ಟರು.

ಬಿಸಿ ರೊಟ್ಟಿಯ ಪಕ್ಕದಲ್ಲಿ ನಾಲ್ಕಾರು ಹೋಳಿಟ್ಟು ಮೇಲೆ ಗುರೆಳ್ಳು ಪುಡಿ ಉದುರಿಸಿ ಕೊಟ್ಟೆ. ಅಂಚು ಗರಿಗರಿ, ಒಳಗೆ ಬೆಣ್ಣೆ. ಶಿವಗಂಗಮ್ಮನವರು ತಿಂದು ಮುಗಿಸಿ ತಟ್ಟೆಯನ್ನು ಸುಮ್ಮನೆ ಮುಂದಕ್ಕೆ ಸರಿಸಿದರು. ಗಿರಿಜ ಇನ್ನಷ್ಟು ಬಡಿಸಿದಳು. ಅದನ್ನೂ ಮುಗಿಸಿ, "ಗಿರಿಜಮ್ಮಾರೆ, ಉಪ್ಪು ಖಾರ ಎಲ್ಲ ಬರೋಬ್ಬರಿ ಐತೆ," ಎಂದರು. ಮಾಡಿದವನು ನಾನು, ಹೊಗಳಿಕೆ ಹೋದದ್ದು ಅವಳಿಗೆ. ಆದರೆ ಗಿರಿಜಳ ಮುಖ ನೋಡಿದ ಮೇಲೆ ಅದನ್ನು ತಿದ್ದುವ ಮನಸ್ಸಾಗಲಿಲ್ಲ. ಮುಂದಿನ ತಿಂಗಳು ನಾವಿಬ್ಬರೂ ಹರಿಹರಕ್ಕೆ ಹೋಗಿ ಅವರ ಮನೆಯಲ್ಲಿ ಇದನ್ನೇ ಮಾಡಬೇಕೆಂದು ಮಾತಾಯಿತು.

ಸಂಜೆ ಅವರು ಹೊರಟ ಮೇಲೆ ಟ್ರೇ ತೊಳೆಯಲು ನಿಂತೆ. ಸೀದ ಬೆಲ್ಲ ಹೇಗೆ ಅಂಟಿಕೊಳ್ಳುತ್ತದೆಂಬುದನ್ನು ಫೋನಿನಲ್ಲಿ ಯಾರೂ ತೋರಿಸಿರಲಿಲ್ಲ. ತಂತಿಯುಂಡೆ ಹಿಡಿದು ತಿಕ್ಕುತ್ತಿರುವಾಗ ನಡುಮನೆಯಲ್ಲಿದ್ದ ಗಿರಿಜಳಿಗೆ ಫೋನು ಬಂತು. ಬೀಗಿತ್ತಿಯೇ, ಮನೆ ಮುಟ್ಟಿದೆವೆಂದು ಹೇಳಲು. "ಹ್ಞೂಂ ಅಕ್ಕಾರೆ, ಇಲ್ಲೇ ಅದಾರ. ಟ್ರೇ ತಿಕ್ಕಾಕ ಹತ್ಯಾರ," ಎಂದಳು ಗಿರಿಜ. ಆ ಕಡೆಯಿಂದ ಏನು ಮಾತು ಬಂತೋ, ಬಹಳ ಹೊತ್ತು ನಕ್ಕಳು. ವಿಷಯ ನಾನೇ ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ನಡುವೆ ಎಲ್ಲೋ ಒಂದು ಒಳ್ಳೆಯ ಮಾತೂ ಇದ್ದರೆ ತಪ್ಪಿಹೋಗಬಾರದಲ್ಲ ಎಂದು ನಲ್ಲಿಯನ್ನು ಸಣ್ಣಗೆ ಮಾಡಿ ಕಿವಿಗೊಟ್ಟು ನಿಂತೆ.